ಸರ್ಕಾರ ನೂರಕ್ಕೆ ತೊಂಬತ್ತು ಕೊಟ್ಟರೂ ಕಾರ್ಖಾನೆಯ ಸುಧಾರಣೆ ಯಾಕೆ ಅರ್ಧಕ್ಕೇ ನಿಲ್ಲುತ್ತೆ?

ಸಣ್ಣ ಕೈಗಾರಿಕೆಗಳಿಗಾಗಿ ಕೇಂದ್ರ ಸರ್ಕಾರದ ಒಂದು ಯೋಜನೆ ಇದೆ. ಎಂಎಸ್‌ಎಂಇ ಕಾಂಪಿಟಿಟಿವ್ ಲೀನ್ ಯೋಜನೆ ಎಂದು ಹೆಸರು. 2023ರ ಮಾರ್ಚ್ 10ರಂದು ಶುರುವಾಯಿತು. ಸಲಹೆಗಾರರು ಕಾರ್ಖಾನೆಗೆ ಬಂದು, ವೇಸ್ಟ್ ಕಡಿಮೆ ಮಾಡುವುದು ಹೇಗೆ, ರಿಜೆಕ್ಷನ್ (ದೋಷವಿದೆ ಎಂದು ತಿರಸ್ಕಾರವಾಗುವ ಮಾಲು) ತಗ್ಗಿಸುವುದು ಹೇಗೆ ಎಂದು ಜೊತೆಗಿದ್ದು ಹೇಳಿಕೊಡುತ್ತಾರೆ. ಆ ಖರ್ಚಿನಲ್ಲಿ ಶೇ 90ರಷ್ಟನ್ನು ಸರ್ಕಾರವೇ ಕೊಡುತ್ತದೆ. ಹೇಳಿಕೊಡುವ ವಿದ್ಯೆಯ ಬೇರು ಬಹುಪಾಲು ಜಪಾನಿನ ಟೊಯೊಟಾ ಕಂಪನಿಯಲ್ಲಿದೆ.

ಅದೇ ವರ್ಷ ಡಿಸೆಂಬರ್‌ನಲ್ಲಿ ಟೊಯೊಟಾ ಬಳಗದಿಂದಲೇ ಬೇರೆ ಥರದ ಸುದ್ದಿ ಬಂತು. ಅದರ ಅಂಗಸಂಸ್ಥೆ ಡೈಹಾಟ್ಸು, 64 ಮಾದರಿಯ ಕಾರುಗಳ ಸುರಕ್ಷತಾ ಪರೀಕ್ಷೆಯಲ್ಲಿ ಅಕ್ರಮ ನಡೆದಿದೆ ಎಂದು ಒಪ್ಪಿಕೊಂಡು, ಎಲ್ಲ ಕಾರುಗಳ ರವಾನೆಯನ್ನೂ ನಿಲ್ಲಿಸಿತು. 2024ರ ಜೂನ್ 3ರಂದು ಟೊಯೊಟಾದ ಅಧ್ಯಕ್ಷ ಅಕಿಯೊ ಟೊಯೊಡ ಅವರೇ ಪತ್ರಕರ್ತರ ಮುಂದೆ ತಲೆಬಾಗಿ ಕ್ಷಮೆ ಕೇಳಿದರು. ಟೊಯೊಟಾದ್ದೇ 7 ಮಾದರಿಗಳ ಪರೀಕ್ಷೆಯಲ್ಲಿ ಲೋಪ ಸಿಕ್ಕಿತ್ತು.

ಓದಿದವರಿಗೆ ಗೊಂದಲ ಆಗುವುದು ಸಹಜ. ಗುರುವೇ ಎಡವಿದ ವಿದ್ಯೆಯನ್ನು ಪೀಣ್ಯದ, ಬೆಳಗಾವಿಯ, ಹುಬ್ಬಳ್ಳಿಯ ಸಣ್ಣ ಶೆಡ್‌ಗಳಿಗೆ ಯಾಕೆ ಕಲಿಸಬೇಕು? ವಿದ್ಯೆ ಒಳ್ಳೆಯದೇ ಆಗಿದ್ದರೆ, ಇಷ್ಟು ವರ್ಷವಾದರೂ ಅದು ಎಲ್ಲ ಕಡೆ ಯಾಕೆ ಹರಡಲಿಲ್ಲ? ಈ ಎರಡೂ ಪ್ರಶ್ನೆಗಳ ಉತ್ತರ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿದೆ. ಅಡ್ಡಿ ಇರುವುದು ವಿದ್ಯೆಯಲ್ಲಿ ಅಲ್ಲ. ಸುಧಾರಣೆಯ ಲಾಭ ಯಾರ ಕೈಗೆ ಹೋಗುತ್ತದೆ, ನಷ್ಟ ಯಾರ ತಲೆ ಮೇಲೆ ಬೀಳುತ್ತದೆ ಎಂಬುದರಲ್ಲಿ ಇದೆ.

ಒಗ್ಗರಣೆಗೆ ಮುಂಚೆ ಸಾಸಿವೆ

ನಿರಂತರ ಸುಧಾರಣೆಯನ್ನು ಜಪಾನಿನವರು ಕೈಜೆನ್ ಎನ್ನುತ್ತಾರೆ. ಕೋಟಿ ಸುರಿದು ಹೊಸ ಯಂತ್ರ ತರುವುದಲ್ಲ, ಇರುವ ಕೆಲಸವನ್ನೇ ದಿನಾ ಸ್ವಲ್ಪ ಸ್ವಲ್ಪ ಸರಿಮಾಡುತ್ತಾ ಹೋಗುವುದು. ಎಣ್ಣೆ ಕಾದ ಮೇಲೆ ಸಾಸಿವೆ ಡಬ್ಬಿ ಹುಡುಕುತ್ತಾ ಕೂತರೆ ಒಗ್ಗರಣೆ ಸೀದು ಹೋಗುತ್ತೆ ಅಲ್ವಾ? ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಮೊದಲೇ ಕೈಗೆಟಕುವಂತೆ ಇಟ್ಟುಕೊಂಡರೆ ಕೆಲಸ ನಿಮಿಷದಲ್ಲಿ ಮುಗಿಯುತ್ತದೆ.

1970ರ ಆಸುಪಾಸಿನಲ್ಲಿ ಟೊಯೊಟಾದ 1,000 ಟನ್ ಪ್ರೆಸ್‌ನಲ್ಲಿ ಒಂದು ಡೈ (ಆಕಾರ ಕೊಡುವ ಅಚ್ಚು) ತೆಗೆದು ಇನ್ನೊಂದು ಕೂರಿಸಲು 4 ಗಂಟೆ ಹಿಡಿಯುತ್ತಿತ್ತು. ಎಂಜಿನಿಯರ್ ಶಿಗೆಯೊ ಶಿಂಗೊ ಅವರ ಜೊತೆ ಕೆಲಸ ಮಾಡಿ ಅದನ್ನು 3 ನಿಮಿಷಕ್ಕೆ ಇಳಿಸಿದರು. ಯಂತ್ರ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಯಂತ್ರ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಯಾವುದು ಎಂದು ಬೇರ್ಪಡಿಸಿದ್ದೇ ಇದರ ಮುಖ್ಯ ಉಪಾಯ. ಡೈ ಬೇಗ ಬದಲಾದರೆ ಒಂದೇ ಮಾಲನ್ನು ರಾಶಿ ಹಾಕಬೇಕಿಲ್ಲ. ರಾಶಿ ಇಲ್ಲದಿದ್ದರೆ ಜಾಗ ಉಳಿಯುತ್ತದೆ, ದುಡ್ಡು ಕಟ್ಟಿಬೀಳುವುದಿಲ್ಲ, ತಪ್ಪಾದ ಪೀಸ್ ಬೇಗ ಕಣ್ಣಿಗೆ ಬೀಳುತ್ತದೆ.

ಇಷ್ಟು ಸರಳವಾದದ್ದು ಯಾಕೆ ಕಷ್ಟ? ನಮ್ಮ ಪಕ್ಕದ ದೇಶದ ಒಂದು ಊರು ಇದಕ್ಕೆ ತುಂಬ ಸ್ಪಷ್ಟವಾದ ಉತ್ತರ ಕೊಟ್ಟಿದೆ.

ಸಿಯಾಲ್‌ಕೋಟ್‌ನ ಫುಟ್‌ಬಾಲ್

ಪಾಕಿಸ್ತಾನದ ಸಿಯಾಲ್‌ಕೋಟ್, ಜಗತ್ತಿಗೆ ಫುಟ್‌ಬಾಲ್ ಹೊಲಿದು ಕಳಿಸುವ ಊರು. ಮಾಮೂಲಿ ಚೆಂಡಿನಲ್ಲಿ ಆರು ಮೂಲೆಯ 20 ತುಂಡು, ಐದು ಮೂಲೆಯ 12 ತುಂಡು ಇರುತ್ತವೆ. ರೆಕ್ಸಿನ್ ಹಾಳೆಯ ಮೇಲೆ ಡೈ ಇಟ್ಟು, ಪ್ರೆಸ್‌ನಲ್ಲಿ ಒತ್ತಿ ಕತ್ತರಿಸುತ್ತಾರೆ. ಆರು ಮೂಲೆಯ ತುಂಡುಗಳು ಜೇನುಗೂಡಿನ ಹಾಗೆ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ, ವೇಸ್ಟ್ ಕಡಿಮೆ. ಐದು ಮೂಲೆಯವು ಹಾಗೆ ಕೂರುವುದಿಲ್ಲ, ನಡುವೆ ಚೂರು ಉಳಿಯುತ್ತದೆ.

ಅರ್ಥಶಾಸ್ತ್ರಜ್ಞರ ಒಂದು ತಂಡ, ಐದು ಮೂಲೆಯ ತುಂಡುಗಳನ್ನು ಇನ್ನೂ ಒತ್ತಾಗಿ ಜೋಡಿಸಿ ಕತ್ತರಿಸುವ ಹೊಸ ಡೈ ಮಾಡಿಸಿತು. ಒಂದು ಹಾಳೆಯಲ್ಲಿ ಸುಮಾರು 250 ತುಂಡು ಬರುತ್ತಿದ್ದ ಕಡೆ 272 ಬರುವಂತಾಯಿತು. ರೆಕ್ಸಿನ್ ಈ ಧಂದೆಯ ದೊಡ್ಡ ಖರ್ಚು. ಹಾಗಾಗಿ ಇದು ಕೈಗೆ ಬಂದ ಲಾಭ. 2012ರಲ್ಲಿ ಈ ಡೈಯನ್ನು 35 ಕಾರ್ಖಾನೆಗಳಿಗೆ ಉಚಿತವಾಗಿ ಕೊಟ್ಟು, ಬಳಸುವುದನ್ನೂ ತೋರಿಸಿದರು.

ಒಂದು ವರ್ಷ ಕಳೆದರೂ ಬಳಸಿದವರು ಬೆರಳೆಣಿಕೆಯಷ್ಟು.

ಕಾರಣ ಸಂಬಳದ ಲೆಕ್ಕದಲ್ಲಿ ಸಿಕ್ಕಿತು. ತುಂಡು ಕತ್ತರಿಸುವ ಕಟ್ಟರ್‌ಗಳಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಹೊಸ ಡೈ ಕೈಗೆ ಹಿಡಿಯುವವರೆಗೆ ಕೆಲಸ ಸ್ವಲ್ಪ ನಿಧಾನ. ನಿಧಾನವಾದರೆ ಆ ವಾರದ ಕೂಲಿ ಕಡಿಮೆ. ಉಳಿದ ರೆಕ್ಸಿನ್‌ನ ದುಡ್ಡು ಪೂರ್ತಿ ಮಾಲೀಕನಿಗೆ. ಕಟ್ಟರ್ ಯಾಕೆ ಒಪ್ಪಬೇಕು? ಹೊಸ ಡೈ ಹೇಗಿದೆ ಎಂದು ಮಾಲೀಕ ವಿಚಾರಿಸುವುದೂ ಅದೇ ಕಟ್ಟರ್‌ನನ್ನು. ಅವನು "ಇದು ಸರಿಬರಲ್ಲ" ಎಂದರೆ ಅಲ್ಲಿಗೆ ಮುಗಿಯಿತು.

ಆಮೇಲೆ ಆ ತಂಡ ಇನ್ನೊಂದು ಪ್ರಯೋಗ ಮಾಡಿತು. ಕೆಲವು ಕಾರ್ಖಾನೆಗಳಿಗೆ ಹೊಸ ಡೈಯ ಲಾಭವನ್ನು ಮತ್ತೊಮ್ಮೆ ನೆನಪಿಸಿದರು, ಅಷ್ಟೇ. ಉಳಿದ ಕಾರ್ಖಾನೆಗಳಲ್ಲಿ ಒಬ್ಬ ಕಟ್ಟರ್ ಮತ್ತು ಒಬ್ಬ ಪ್ರಿಂಟರ್‌ಗೆ (ಮುದ್ರಣದ ಕೆಲಸಗಾರನಿಗೆ), ಹೊಸ ಡೈಯನ್ನು ಮಾಲೀಕರ ಎದುರು ಸರಿಯಾಗಿ ಬಳಸಿ ತೋರಿಸಿದರೆ ಒಂದು ತಿಂಗಳ ದುಡಿಮೆಯಷ್ಟು ಹಣ ಕೊಡುತ್ತೇವೆ ಎಂದರು. ನೆನಪಿಸಿದ್ದರಿಂದ ಏನೂ ಆಗಲಿಲ್ಲ. ಹಣ ಕೊಟ್ಟ ಕಡೆ ಗಣನೀಯ ಸಂಖ್ಯೆಯ ಕಾರ್ಖಾನೆಗಳು ಹೊಸ ಡೈಗೆ ಬದಲಾದವು.

ಇಲ್ಲಿ ನಿಂತು ಯೋಚಿಸಬೇಕು. "ನಮ್ಮ ಕೆಲಸಗಾರರಿಗೆ ಹೊಸದು ಬೇಡ, ಹಳೆಯದಕ್ಕೇ ಅಂಟಿಕೊಳ್ಳುತ್ತಾರೆ" ಎಂಬ ಮಾತು ಕಾರ್ಖಾನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಸಿಯಾಲ್‌ಕೋಟ್‌ನ ಕಟ್ಟರ್ ಸೋಮಾರಿಯೂ ಅಲ್ಲ, ಹಠಮಾರಿಯೂ ಅಲ್ಲ. ತನ್ನ ಮನೆಯ ಲೆಕ್ಕವನ್ನು ಸರಿಯಾಗಿಯೇ ಹಾಕಿದ. ಪೀಸ್ ರೇಟ್ ನಮ್ಮಲ್ಲೂ ಹೊಸದಲ್ಲ. ಅಂಥ ಶೆಡ್‌ಗೆ ಸುಧಾರಣೆ ತರುವ ಮುಂಚೆ, ಕಲಿಯುವ ದಿನಗಳ ಕೂಲಿ ಯಾರು ಕೊಡುತ್ತಾರೆ ಎಂದು ತೀರ್ಮಾನ ಆಗಲೇಬೇಕು.

ಮಾಲೀಕರ ಕುರ್ಚಿಯ ಬಳಿ

ಅಡ್ಡಿ ಕೆಳಗಿನಿಂದ ಮಾತ್ರ ಬರುವುದಿಲ್ಲ. ಮುಂಬೈ ಹತ್ತಿರದ ತಾರಾಪುರ ಮತ್ತು ಉಂಬರಗಾಂವ್‌ನ ಬಟ್ಟೆ ಗಿರಣಿಗಳಲ್ಲಿ 2008ರಿಂದ ನಡೆದ ಅಧ್ಯಯನ ಇದನ್ನು ತೋರಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ವಿಶ್ವಬ್ಯಾಂಕ್‌ನ ಅರ್ಥಶಾಸ್ತ್ರಜ್ಞರು ಆಯ್ದ ಗಿರಣಿಗಳಿಗೆ 5 ತಿಂಗಳು ಉಚಿತವಾಗಿ ಸಲಹೆಗಾರರನ್ನು ಕಳಿಸಿದರು. ಹೇಳಿಕೊಟ್ಟದ್ದು ರಾಕೆಟ್ ವಿಜ್ಞಾನ ಅಲ್ಲ. ನೂಲಿಗೆ ಲೇಬಲ್ ಹಚ್ಚಿ ಜಾಗ ಗುರುತು ಮಾಡಿ ಇಡಿ, ಮಗ್ಗ ಕೆಡುವ ಮುಂಚೆಯೇ ನೋಡಿಕೊಳ್ಳಿ, ಬಟ್ಟೆಯಲ್ಲಿ ಯಾವ ಥರದ ದೋಷ ಎಷ್ಟು ಬಂತು ಎಂದು ದಿನಾ ಬರೆದಿಡಿ, ಬೆಳಿಗ್ಗೆ ಕೂತು ಅದನ್ನು ಮಾತಾಡಿ. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17ರಷ್ಟು ಹೆಚ್ಚಿತು.

ಹಾಗಾದರೆ ಇವರು ಮೊದಲೇ ಯಾಕೆ ಮಾಡಿರಲಿಲ್ಲ? ಎಷ್ಟೋ ಮಾಲೀಕರಿಗೆ ಹೀಗೂ ಮಾಡಬಹುದು ಎಂದೇ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ನಂಬಿಕೆ ಇರಲಿಲ್ಲ. ಅಕ್ಕಪಕ್ಕದವರೂ ಹಾಗೇ ಇದ್ದಾರೆ, ನಮಗೂ ಲಾಭ ಬರುತ್ತಿದೆ, ಇನ್ನೇನು ಬೇಕು? ಇನ್ನೊಂದು ಸಂಗತಿ ಇನ್ನೂ ಆಳದ್ದು. ಕಂಪನಿ ಎಷ್ಟು ದೊಡ್ಡದಾಗಿದೆ ಎಂಬುದಕ್ಕೂ ಮಾಲೀಕರ ಮನೆಯಲ್ಲಿ ಎಷ್ಟು ಮಂದಿ ಗಂಡಸರಿದ್ದಾರೆ ಎಂಬುದಕ್ಕೂ ಸಂಬಂಧ ಕಂಡಿತು. ಹೊರಗಿನ ಮ್ಯಾನೇಜರ್ ಕೈಗೆ ಗಿರಣಿ ಕೊಡಲು ನಂಬಿಕೆ ಇಲ್ಲ. ತಮ್ಮನೋ ಮಗನೋ ಇದ್ದರೆ ಮಾತ್ರ ಇನ್ನೊಂದು ಗಿರಣಿ. ಹೀಗಾಗಿ ಚೆನ್ನಾಗಿ ನಡೆಸುವವರು ಬೆಳೆದು ಉಳಿದವರನ್ನು ಹಿಂದೆ ಹಾಕುವುದೂ ಆಗುತ್ತಿರಲಿಲ್ಲ.

2017ರಲ್ಲಿ ಅದೇ ಗಿರಣಿಗಳಿಗೆ ಮತ್ತೆ ಹೋಗಿ ನೋಡಿದಾಗ, ಹೇಳಿಕೊಟ್ಟ ಪದ್ಧತಿಗಳಲ್ಲಿ ಸುಮಾರು ಅರ್ಧದಷ್ಟು ಬಿಟ್ಟುಹೋಗಿದ್ದವು. ಗಿರಣಿಯ ಮ್ಯಾನೇಜರ್ ಬದಲಾಗಿದ್ದ. ನಿರ್ದೇಶಕರಿಗೆ ಗಮನ ಕೊಡಲು ಪುರುಸೊತ್ತಿರಲಿಲ್ಲ. ಆದರೂ ಸಲಹೆ ಪಡೆಯದ ಗಿರಣಿಗಳಿಗಿಂತ ಇವು ಮುಂದೆಯೇ ಇದ್ದವು. ಅರ್ಧ ಹೋಯಿತು ಎಂದು ಬೇಸರಪಡಬಹುದು, ಒಂಬತ್ತು ವರ್ಷವಾದರೂ ಅರ್ಧ ಉಳಿಯಿತು ಎಂದು ಸಮಾಧಾನವೂ ಪಡಬಹುದು. ಸರ್ಕಾರದ ಲೀನ್ ಯೋಜನೆಯನ್ನು ಅಳೆಯುವಾಗ ಈ ಎರಡನೇ ಮಾತು ಮರೆಯಬಾರದು.

ಹಗ್ಗ ಎಳೆಯುವ ಧೈರ್ಯ

ಟೊಯೊಟಾ ಕಾರ್ಖಾನೆಯ ಅಸೆಂಬ್ಲಿ ಲೈನ್ ಉದ್ದಕ್ಕೂ ಒಂದು ಹಗ್ಗ ಇರುತ್ತದೆ. ಆಂಡನ್ ಹಗ್ಗ. ಬೋಲ್ಟ್ ಸರಿಯಾಗಿ ಕೂರಲಿಲ್ಲ, ಬಾಗಿಲು ಹೊಂದಲಿಲ್ಲ ಎಂದರೆ ಯಾವ ಕೆಲಸಗಾರ ಬೇಕಾದರೂ ಅದನ್ನು ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ಲೀಡರ್ ಓಡಿ ಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ.

ಹಗ್ಗ ಕಟ್ಟುವುದು ಸುಲಭ. ಎಳೆದವನನ್ನು ಬೈಯದಿರುವುದು ಕಷ್ಟ. ಅಮೆರಿಕದ ಜನರಲ್ ಮೋಟರ್ಸ್ ಈ ಪಾಠವನ್ನು ಹತ್ತಿರದಿಂದ ನೋಡಿತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಅದರ ಕಾರ್ಖಾನೆ ಜಗಳ, ಗೈರುಹಾಜರಿ, ಕಳಪೆ ಮಾಲಿಗೆ ಹೆಸರಾಗಿತ್ತು. 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆ ಸೇರಿ ನುಮ್ಮಿ ಎಂಬ ಹೆಸರಲ್ಲಿ ಮತ್ತೆ ತೆರೆದರು. ಯೂನಿಯನ್ ಅದೇ, ಕೆಲಸಗಾರರಲ್ಲೂ ಹೆಚ್ಚಿನವರು ಹಳಬರೇ. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನ ಕಾರುಗಳ ಹತ್ತಿರ ಬಂತು. ಜನ ಬದಲಾಗಲಿಲ್ಲ, ಅವರನ್ನು ನಡೆಸಿಕೊಳ್ಳುವ ರೀತಿ ಬದಲಾಗಿತ್ತು. ಸುಲಭಕ್ಕೆ ಕೆಲಸದಿಂದ ತೆಗೆಯುವುದಿಲ್ಲ ಎಂದು ಕಂಪನಿ ಮಾತು ಕೊಟ್ಟಿತ್ತು. 1980ರ ದಶಕದ ಕೊನೆಯಲ್ಲಿ ಮಾರಾಟ ಬಿದ್ದಾಗಲೂ ಆ ಮಾತು ಉಳಿಸಿಕೊಂಡಿತು. ಲೈನ್‌ನಲ್ಲಿ ಕೆಲಸವಿಲ್ಲದವರನ್ನು ತರಬೇತಿಗೂ ಸುಧಾರಣೆಯ ಕೆಲಸಕ್ಕೂ ಹಾಕಿತು. ತಾನು ಕೊಟ್ಟ ಸಲಹೆಯಿಂದ ತನ್ನ ಕೆಲಸಕ್ಕೇ ಕುತ್ತು ಬರುವುದಿಲ್ಲ ಎಂದು ಗೊತ್ತಿದ್ದವನು ಮಾತ್ರ ಮನಸ್ಸು ಬಿಚ್ಚಿ ಸಲಹೆ ಕೊಡುತ್ತಾನೆ.

ಇದೇ ಜನರಲ್ ಮೋಟರ್ಸ್ ತನ್ನ ಬೇರೆ ಕಾರ್ಖಾನೆಗಳಿಗೆ ಇದನ್ನು ಒಯ್ಯಲು ಹೋಗಿ ವರ್ಷಗಟ್ಟಲೆ ಒದ್ದಾಡಿತು. ಲಾಸ್ ಏಂಜಲಿಸ್‌ನ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಪ್ರಯತ್ನ ನಡೆದರೂ 1992ರಲ್ಲಿ ಅದು ಮುಚ್ಚಿಹೋಯಿತು. ಹಗ್ಗ, ಬೋರ್ಡ್, ತಂಡಗಳನ್ನು ನಕಲು ಮಾಡಬಹುದು. ಲೈನ್ ನಿಂತರೂ ಸರಿ, ಕೆಟ್ಟ ಕಾರು ಮುಂದೆ ಹೋಗಬಾರದು ಎನ್ನುವ ಮ್ಯಾನೇಜರ್‌ನನ್ನು ನಕಲು ಮಾಡಲು ಆಗುವುದಿಲ್ಲ.

ಈಗ ಡೈಹಾಟ್ಸು ಕಡೆ ಬರೋಣ. ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್, ಡಿಕ್ಕಿಯನ್ನು ಸೆನ್ಸರ್ ಗುರುತಿಸಿದಾಗ ತಾನಾಗಿ ತೆರೆದುಕೊಳ್ಳಬೇಕು. ಕೆಲವು ಪರೀಕ್ಷೆಗಳಲ್ಲಿ ಅದನ್ನು ಟೈಮರ್ ಇಟ್ಟು ತೆರೆಸಿದ್ದರು. ಯಾಕೆ? ತನಿಖೆ ಮಾಡಿದ ಸ್ವತಂತ್ರ ಸಮಿತಿ ಮೊದಲು ಬೊಟ್ಟು ಮಾಡಿದ್ದು ವಿಪರೀತ ಬಿಗಿಯಾದ ಗಡುವುಗಳ ಕಡೆ. ಮರುಪರೀಕ್ಷೆಗೆ ಟೈಮೇ ಇಲ್ಲ. ಒಂದೇ ಸಲಕ್ಕೆ ಪಾಸ್ ಆಗಲೇಬೇಕು. ಜೊತೆಗೆ ಇನ್ನೊಂದು ಮಾತು ವರದಿಯಲ್ಲಿದೆ. ಮೇಲಿನವರು ಏನಿದ್ದರೂ ಬಂದು ಹೇಳಿ ಎನ್ನುತ್ತಾರೆ, ಹೋಗಿ ಹೇಳಿದರೆ "ಸರಿ, ಅದಕ್ಕೆ?" ಎಂದು ಮರುಪ್ರಶ್ನೆ ಹಾಕುತ್ತಾರೆ, ಹಾಗಾಗಿ ಹೇಳಿ ಪ್ರಯೋಜನವಿಲ್ಲ ಎಂದು ನೌಕರರು ಸಮಿತಿ ಮುಂದೆ ದೂರಿದ್ದರು.

ಆ ಒಂದು "ಅದಕ್ಕೆ?"ಯಲ್ಲಿ ಇಡೀ ವಿಷಯ ಇದೆ. ಅಲ್ಲಿ ಹಗ್ಗ ಇತ್ತು, ಎಳೆದರೆ ಯಾರೂ ಬರುತ್ತಿರಲಿಲ್ಲ. ಜಪಾನಿಗೆ 1950ರಲ್ಲಿ ಗುಣಮಟ್ಟದ ಪಾಠ ಹೇಳಿದ ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್, ಕಂಪನಿಯಿಂದ ಭಯ ಓಡಿಸಿ ಎಂದು ಸಾರುತ್ತಿದ್ದರು. ಡೈಹಾಟ್ಸು ಸುದ್ದಿ ಆ ವಿದ್ಯೆಯನ್ನು ಸುಳ್ಳು ಮಾಡಲಿಲ್ಲ. ಅದನ್ನು ಬಿಟ್ಟುಕೊಟ್ಟರೆ ಏನಾಗುತ್ತದೆ ಎಂದು ತೋರಿಸಿತು.

ಬಿಡದಿಯಲ್ಲಿ ಎದ್ದ ಪ್ರಶ್ನೆ

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಶುರುವಾದ ಮುಷ್ಕರ ಮತ್ತು ಲಾಕ್‌ಔಟ್ ತಿಂಗಳುಗಟ್ಟಲೆ ನಡೆಯಿತು. ಕೆಲಸದ ಒತ್ತಡ ಮಿತಿಮೀರಿದೆ, ಉತ್ಪಾದನೆಯ ಗುರಿ ಏರುತ್ತಲೇ ಇದೆ ಎಂಬುದು ಯೂನಿಯನ್ ದೂರು. ಕಾರ್ಖಾನೆಯೊಳಗೆ ಧರಣಿ ಕೂತದ್ದು ಕಾನೂನುಬಾಹಿರ, ಇದು ಶಿಸ್ತಿನ ಪ್ರಶ್ನೆ ಎಂಬುದು ಕಂಪನಿ ನಿಲುವು. ಯಾರದು ಸರಿ ಎಂದು ಇಲ್ಲಿ ತೀರ್ಪು ಕೊಡುವುದು ಬೇಡ. ಆದರೆ ಜಗಳದ ಹಿಂದಿರುವ ಪ್ರಶ್ನೆ ಎಲ್ಲ ಕಾರ್ಖಾನೆಗಳದ್ದೂ ಹೌದು.

ಸುಧಾರಣೆಯಿಂದ ಒಂದು ಕೆಲಸದಲ್ಲಿ 10 ಸೆಕೆಂಡ್ ಉಳಿಯಿತು ಅನ್ನೋಣ. ಆ 10 ಸೆಕೆಂಡ್ ಯಾರದ್ದು? ಕೆಲಸಗಾರನಿಗೆ ಬಿಟ್ಟರೆ ಅವನು ಬೆನ್ನು ನೆಟ್ಟಗೆ ಮಾಡುತ್ತಾನೆ, ಪೀಸನ್ನು ಇನ್ನೊಮ್ಮೆ ನೋಡುತ್ತಾನೆ. ಪೂರ್ತಿ ಟಾರ್ಗೆಟ್‌ಗೆ ಸೇರಿಸಿದರೆ ಅವನ ಪಾಲಿಗೆ ಕೈಜೆನ್ ಎಂದರೆ ಓಟ ಇನ್ನಷ್ಟು ಜೋರು ಎಂದಷ್ಟೇ ಅರ್ಥ. ಉದ್ಯಮದವರು ಹೇಳುವುದರಲ್ಲೂ ಹುರುಳಿದೆ. ಮಾರುಕಟ್ಟೆಯಲ್ಲಿ ಪೈಪೋಟಿ ಇದೆ, ಸಮಯ ಉಳಿದರೂ ಉತ್ಪಾದನೆ ಹೆಚ್ಚದಿದ್ದರೆ ಬೆಲೆ ಇಳಿಸುವುದು ಹೇಗೆ? ಸಂಖ್ಯೆಗೆ ಚೌಕಾಸಿ ಮಾಡುವುದು ಸರಿ. ಚೌಕಾಸಿಯೇ ಇಲ್ಲದೆ ಎಲ್ಲವನ್ನೂ ಒಂದೇ ಕಡೆಯವರು ತೆಗೆದುಕೊಂಡರೆ ಮುಂದಿನ ಸಲಹೆ ಬರುವುದಿಲ್ಲ.

ಸಣ್ಣ ಶೆಡ್‌ನ ಮಾಲೀಕನೂ ಒಬ್ಬ ಕಟ್ಟರ್

ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕವನ್ನು ನೋಡಿ. ಖರೀದಿ ಮಾಡುವ ಕಂಪನಿಗಳು, ಅದರಲ್ಲೂ ವಾಹನ ಉದ್ಯಮದಲ್ಲಿ, ವರ್ಷ ವರ್ಷ ರೇಟ್ ಇಳಿಸಿ ಎಂದು ಕೇಳುವುದು ರೂಢಿ. ಸಣ್ಣ ಮಾಲೀಕ ಕಷ್ಟಪಟ್ಟು ರಿಜೆಕ್ಷನ್ ಇಳಿಸಿ ಪೀಸ್‌ಗೆ 1 ರೂಪಾಯಿ ಉಳಿಸುತ್ತಾನೆ. ಮುಂದಿನ ವರ್ಷದ ರೇಟ್ ಮಾತುಕತೆಯಲ್ಲಿ ಆ ರೂಪಾಯಿ ಕೈಬಿಟ್ಟು ಹೋಗುವ ಭಯ ಅವನಿಗೆ. ಸಿಯಾಲ್‌ಕೋಟ್‌ನಲ್ಲಿ ಕಟ್ಟರ್ ನಿಂತಿದ್ದ ಜಾಗದಲ್ಲೇ ಇವನೂ ನಿಂತಿದ್ದಾನೆ.

ದುಡ್ಡು ಬರುವುದೂ ತಡ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಕಾಯ್ದೆಯೇ ಹೇಳುತ್ತದೆ. ಗಡುವು ಮೀರಿದರೆ, ಹಣ ಕೊಡುವವರೆಗೆ ಖರೀದಿದಾರರು ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್ 1ರಿಂದ ಬಂದಿದೆ. ಬಾಕಿ ವಸೂಲಿಗೆ ಅಲೆಯುವ ಮಾಲೀಕನಿಗೆ ಬೆಳಗಿನ ಹತ್ತು ನಿಮಿಷದ ಶಾಪ್ ಫ್ಲೋರ್ ಮೀಟಿಂಗ್‌ಗೆ ಪುರುಸೊತ್ತು ಎಲ್ಲಿಂದ ಬರಬೇಕು? ತಾರಾಪುರದಲ್ಲಿ ಪದ್ಧತಿಗಳು ಬಿಟ್ಟುಹೋದ ಕಾರಣಗಳಲ್ಲಿ ಒಂದು ಇದೇ ತಾನೆ.

ಕಲಿತವರು ಉಳಿಯುವುದೂ ಇಲ್ಲ. ಉದ್ಯಮಗಳ ವಾರ್ಷಿಕ ಸಮೀಕ್ಷೆಯ ಪ್ರಕಾರ ದೇಶದ ಕಾರ್ಖಾನೆಗಳ ಕಾರ್ಮಿಕರಲ್ಲಿ ಗುತ್ತಿಗೆಯವರ ಪಾಲು ಶೇ 40 ದಾಟಿದೆ. ಯಂತ್ರದ ಸದ್ದು ಬದಲಾದ ಕೂಡಲೇ ಬೇರಿಂಗ್ ಹೋಗುತ್ತಿದೆ ಎಂದು ಹೇಳಬಲ್ಲ ಆಪರೇಟರ್ ರೂಪುಗೊಳ್ಳಲು ಸಮಯ ಬೇಕು. ಅಷ್ಟರಲ್ಲಿ ಅವನು ಇನ್ನೊಂದು ಶೆಡ್ ಸೇರಿರುತ್ತಾನೆ. ಗೋಡೆ ಮೇಲಿನ 5ಎಸ್ (ಕೆಲಸದ ಜಾಗವನ್ನು ಚೊಕ್ಕವಾಗಿ, ಕ್ರಮವಾಗಿ ಇಡುವ ಪದ್ಧತಿ) ಬೋರ್ಡ್ ಉಳಿಯುತ್ತದೆ, ಅದನ್ನು ತುಂಬುತ್ತಿದ್ದವನು ಇರುವುದಿಲ್ಲ. ಆಮೇಲೆ ಆಡಿಟ್‌ಗೆ ಮುಂಚಿನ ಎರಡು ದಿನ ಮಾತ್ರ ಪೇಂಟು, ಪೊರಕೆ ಹೊರಬರುತ್ತವೆ.

ಕಾನೂನು ಬದಲಾದ ಮೇಲೆ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸಗಾರರನ್ನು ತೆಗೆಯಲು ಅಥವಾ ಕಾರ್ಖಾನೆ ಮುಚ್ಚಲು ಸರ್ಕಾರದ ಮುಂಗಡ ಅನುಮತಿ ಬೇಕು ಎಂಬ ನಿಯಮ ಮೊದಲು 100 ಮಂದಿ ಇರುವ ಕಾರ್ಖಾನೆಗಳಿಗಿತ್ತು, ಈಗ 300 ಮಂದಿ ಇರುವ ಕಡೆ ಮಾತ್ರ. ನಿಗದಿತ ಅವಧಿಯ ನೇಮಕಕ್ಕೆ ದೇಶದಾದ್ಯಂತ ದಾರಿ ತೆರೆದಿದೆ. ಅಂಥವರಿಗೆ ಒಂದು ವರ್ಷ ದುಡಿದರೆ ಗ್ರಾಚ್ಯುಟಿ ಸಿಗುತ್ತದೆ. ಇದರಿಂದ ಘಟಕಗಳು ಧೈರ್ಯವಾಗಿ ಬೆಳೆಯುತ್ತವೆ ಎನ್ನುತ್ತಾರೆ ಉದ್ಯಮದವರು. ಕೆಲಸದ ಭದ್ರತೆ ಹೋಗುತ್ತದೆ ಎನ್ನುತ್ತವೆ ಯೂನಿಯನ್‌ಗಳು.

ನಿರಂತರ ಸುಧಾರಣೆಯ ಕಡೆಯಿಂದ ನೋಡಿದರೆ ಎರಡೂ ಆಗಬಹುದು. ಏಜೆನ್ಸಿ ಮೂಲಕ ಬಂದು ಹೋಗುತ್ತಿದ್ದವರನ್ನು ಮಾಲೀಕರು ನೇರವಾಗಿ ಎರಡು ಮೂರು ವರ್ಷಕ್ಕೆ ನೇಮಿಸಿಕೊಂಡರೆ, ಕಲಿತದ್ದು ಅಷ್ಟು ಕಾಲವಾದರೂ ಶೆಡ್‌ನಲ್ಲೇ ಉಳಿಯುತ್ತದೆ. ಕಾಯಂ ಆಗಬೇಕಿದ್ದವರನ್ನೇ ಅವಧಿ ನೇಮಕಕ್ಕೆ ಇಳಿಸಿದರೆ, ಕೆಲಸ ಉಳಿಯುತ್ತೋ ಇಲ್ಲವೋ ಎಂಬ ಭಯ ಹೆಚ್ಚಿ, ತಪ್ಪು ಕಂಡರೂ ಬಾಯಿ ಬಿಡುವವರು ಇನ್ನೂ ಕಡಿಮೆಯಾಗುತ್ತಾರೆ. ಲೀನ್ ಯೋಜನೆಗೆ ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಎಂದು ಮೂರು ಹಂತಗಳಿವೆ. ಮೊದಲ ಹಂತವನ್ನು ದಾಟಿಸಲು ಸಬ್ಸಿಡಿ ಸಾಕು. ಮುಂದಿನ ಹಂತಗಳಲ್ಲಿ ಅದೇ ಆಪರೇಟರ್ ಆ ಯಂತ್ರದ ಮುಂದೆ ಇರಬೇಕು, ಕಲಿಯುವ ವಾರಗಳ ಕೂಲಿ ಕಡಿತವಾಗಬಾರದು, ಅವನು ಬಂದು "ಸಾರ್, ಈ ಜಿಗ್ ಸರಿಯಿಲ್ಲ" ಎಂದಾಗ ಯಾರಾದರೂ ಎದ್ದು ಹೋಗಿ ನೋಡಬೇಕು.